ರೋಡ್ ಬೈಕ್ ಹೆಡ್‌ಲೈಟ್: ಗುಂಡಿ ಸಿಕ್ಕಾಗೆಲ್ಲ ಮೂತಿ ಕೆಳಗೆ ಬೀಳುತ್ತಿದೆ, 2000 ರೂಪಾಯಿ ಒಳಗೆ ಯಾವುದು ತಗೊಳ್ಳಲಿ?

ಕೋಥ್ರೂಡ್ ಸವಾರ

ನಮಸ್ಕಾರ. ಬೆಳಗ್ಗೆ ಐದಕ್ಕೆ ರೋಡ್ ಬೈಕ್‌ನಲ್ಲಿ (ಬಾಗಿದ ಹ್ಯಾಂಡಲ್‌ನ ಸೈಕಲ್) ಮನೆ ಬಿಟ್ಟು ವಾರ್ಜೆ, ಶಿವಣೆ ಮೇಲೆ ಖಡಕ್‌ವಾಸ್ಲಾಗೆ ಹೋಗಿ ಬರುತ್ತೇನೆ. ಈಗ ಚಳಿಗಾಲ. ಪುಣೆಯಲ್ಲಿ ಏಳು ಗಂಟೆವರೆಗೂ ಸೂರ್ಯ ಕಾಣಿಸುವುದಿಲ್ಲ, ಹಾಗಾಗಿ ಹೋಗುವಾಗ ಪೂರ್ತಿ ಕತ್ತಲು. ಶಿವಣೆ ದಾಟಿದ ಮೇಲೆ ಬೀದಿದೀಪವನ್ನು ನಂಬುವ ಹಾಗಿಲ್ಲ.

ಈಗಿರುವ ಲೈಟ್ ಆನ್‌ಲೈನ್‌ನಲ್ಲಿ ತಗೊಂಡಿದ್ದು. ಡಬ್ಬಿ ಮೇಲೆ 1000 ಲ್ಯೂಮೆನ್ (ಬೆಳಕಿನ ಅಳತೆ) ಅಂತ ಇದೆ. ಗಟ್ಟಿ ಪ್ಲಾಸ್ಟಿಕ್ ಕ್ಲ್ಯಾಂಪ್, ಪಕ್ಕದಲ್ಲಿ ಒಂದು ಸ್ಕ್ರೂ. ಎಷ್ಟು ಬಿಗಿ ಮಾಡಿದರೂ ಗುಂಡಿ ಸಿಕ್ಕ ತಕ್ಷಣ ಲೈಟ್ ಬಗ್ಗಿ ಮುಂದಿನ ಚಕ್ರವನ್ನೇ ತೋರಿಸುತ್ತದೆ. ಒಂದು ಕೈ ಬಿಟ್ಟು ಅದನ್ನು ಎತ್ತಬೇಕು. ಗುಂಡಿ ಇರುವ ಕಡೆಯೇ, ಅದೂ ಕತ್ತಲಲ್ಲಿ ಕೈ ಬಿಡುವುದು ಅಪಾಯ ಅಲ್ವಾ?

2000 ರೂಪಾಯಿ ಒಳಗೆ ಆಗಬೇಕು. ಅಲೆನ್ ಕೀ ಇಲ್ಲದೆ ಹಾಕಿ ತೆಗೆಯಲು ಬರಬೇಕು, ಯಾಕೆಂದರೆ ಆಫೀಸಿನ ಪಾರ್ಕಿಂಗ್‌ನಲ್ಲಿ ಲೈಟ್ ಬಿಟ್ಟು ಹೋಗುವ ಧೈರ್ಯ ಇಲ್ಲ. ಮಳೆಗೂ ತಡೆಯಬೇಕು. ಇನ್ನೂ ಜಾಸ್ತಿ ಲ್ಯೂಮೆನ್ ಇರುವುದು ತಗೊಂಡರೆ ಸರಿ ಹೋಗುತ್ತಾ?

ಔಂಧ್ ಸವಾರ

ಲ್ಯೂಮೆನ್ ಆಮೇಲೆ ನೋಡೋಣ. ಮೊದಲು ಹ್ಯಾಂಡಲ್ ಅಳತೆ ಹೇಳಿ. ವರ್ನಿಯರ್ ಇಲ್ಲದಿದ್ದರೆ ಹೊಲಿಗೆ ದಾರ ಸಾಕು. ಸ್ಟೆಮ್ (ಹ್ಯಾಂಡಲನ್ನು ನಡುವೆ ಹಿಡಿದಿರುವ ಭಾಗ) ಪಕ್ಕದಲ್ಲಿ ಹ್ಯಾಂಡಲ್‌ಗೆ ಒಂದೇ ಸುತ್ತು ದಾರ ಸುತ್ತಿ, ಎರಡು ಕೊನೆ ಸೇರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಸ್ಕೇಲ್ ಮೇಲಿಟ್ಟು ಅಳೆಯಿರಿ. ಬಂದದ್ದನ್ನು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಈಗ ಲೈಟ್ ಕೂತಿರುವ ಜಾಗದಲ್ಲೂ ಕ್ಲ್ಯಾಂಪಿನ ಎರಡೂ ಅಂಚಿನಲ್ಲಿ ಹೀಗೇ ಅಳೆಯಿರಿ. ಹ್ಯಾಂಡಲ್ ದುಂಡಗಿದೆಯಾ, ಮೇಲೆ ಚಪ್ಪಟೆಯಾ? ವೇಗ ತೋರಿಸುವ ಮೀಟರ್ ಎಲ್ಲಿ ಹಾಕಿದ್ದೀರಿ?

ಕೋಥ್ರೂಡ್ ಸವಾರ

ಸ್ಟೆಮ್ ಪಕ್ಕದಲ್ಲಿ ಸರಿಯಾಗಿ 10 ಸೆಂ.ಮೀ. ಬಂತು. ಲೈಟ್ ಇರುವ ಕಡೆ ಒಂದು ಅಂಚಿನಲ್ಲಿ 9.2, ಇನ್ನೊಂದರಲ್ಲಿ 8.6. ಹ್ಯಾಂಡಲ್ ದುಂಡಗಿದೆ. ಸ್ಟೆಮ್‌ನ ಬಲಕ್ಕೆ ಮೀಟರ್, ಎಡಕ್ಕೆ ಬೆಲ್ ಇದೆ. ಜಾಗ ಇಲ್ಲ ಅಂತ ಲೈಟನ್ನು ಬೆಲ್ ಆಚೆಗೆ, ಹ್ಯಾಂಡಲ್‌ಗೆ ಸುತ್ತಿದ ಟೇಪ್ ಶುರುವಾಗುವ ಕಡೆ ಹಾಕಿದ್ದೇನೆ.

ಔಂಧ್ ಸವಾರ

ಕಾರಣ ಸಿಕ್ಕಿತು. 10 ಸೆಂ.ಮೀ. ಸುತ್ತಳತೆ ಅಂದರೆ 31.8 ಮಿ.ಮೀ. ಹ್ಯಾಂಡಲ್. ಈಗಿನ ರೋಡ್ ಬೈಕ್‌ಗಳಲ್ಲಿ ಹೆಚ್ಚಾಗಿ ಇದೇ ಅಳತೆ. ಆದರೆ ಆ ದಪ್ಪ ಸ್ಟೆಮ್ ಹಿಡಿಯುವ ನಡುಭಾಗದಲ್ಲಿ ಮಾತ್ರ. ಅಲ್ಲಿಂದ ಎರಡೂ ಕಡೆ ಸಣ್ಣಗಾಗುತ್ತಾ ಹೋಗಿ, ಟೇಪ್ ಒಳಗೆ 24 ಮಿ.ಮೀ. ಹತ್ತಿರಕ್ಕೆ ಇಳಿಯುತ್ತದೆ. ನಿಮ್ಮ ಕ್ಲ್ಯಾಂಪ್ ಕೂತಿರುವುದು ಆ ಇಳಿಜಾರಿನ ಮೇಲೆ. ಒಂದು ಅಂಚಿಗೂ ಇನ್ನೊಂದಕ್ಕೂ ದಪ್ಪದಲ್ಲಿ ಸುಮಾರು 2 ಮಿ.ಮೀ. ವ್ಯತ್ಯಾಸ ಇದೆ. ಗಟ್ಟಿ ಪ್ಲಾಸ್ಟಿಕ್ ದಪ್ಪ ಇರುವ ಕಡೆ ಮಾತ್ರ ತಾಗುತ್ತದೆ, ಉಳಿದ ಅಗಲ ಸುಮ್ನೆ ಗಾಳಿಯಲ್ಲಿರುತ್ತದೆ. ನೀವು ಸ್ಕ್ರೂ ಬಿಗಿ ಮಾಡಿದಷ್ಟೂ ಅದು ಸಣ್ಣ ಕಡೆಗೆ ಜಾರಲು ನೋಡುತ್ತದೆ. ಲೈಟಿನ ಭಾರ ಪೂರ್ತಿ ಹ್ಯಾಂಡಲ್ ಮುಂದಕ್ಕಿದೆ. ಒಂದು ಏಟು ಬಿದ್ದರೆ ಸಾಕು, ತಿರುಗುತ್ತದೆ.

ಜಾಸ್ತಿ ಲ್ಯೂಮೆನ್ ತಗೊಂಡರೆ ಬ್ಯಾಟರಿ ದೊಡ್ಡದು, ತೂಕ ಜಾಸ್ತಿ, ಇನ್ನೂ ಬೇಗ ಬಗ್ಗುತ್ತದೆ. ಅದಕ್ಕೇ ರೋಡ್ ಬೈಕ್‌ಗೆ ಲೈಟ್ ಹುಡುಕುವವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ಲೈಟ್ ಹಿಡಿದಿಡುವ ಕ್ಲ್ಯಾಂಪ್ ನೋಡಿ, ಆಮೇಲೆ ಬೆಳಕು ಎಲ್ಲಿ ಬೀಳುತ್ತದೆ ನೋಡಿ, ಲ್ಯೂಮೆನ್ ಕೊನೆಗೆ.

ಹೊಸದು ಬರುವವರೆಗೆ ಹೀಗೆ ಮಾಡಿ. ಪಂಕ್ಚರ್ ಅಂಗಡಿಯಲ್ಲಿ ಹಳೆ ಟ್ಯೂಬಿನ ತುಂಡು ಕೇಳಿ, ಕೊಡುತ್ತಾರೆ. ಎರಡು ಬೆರಳಗಲ ಕತ್ತರಿಸಿ, ಒಳಗಿನ ಬಿಳಿ ಪುಡಿ ಒರೆಸಿ ತೆಗೆಯಿರಿ. ಪುಡಿ ಉಳಿದರೆ ಅದೇ ಜಾರಿಸುತ್ತದೆ. ಬೆಲ್ ಬಿಚ್ಚಿ ಬೇರೆ ಕಡೆ ಹಾಕಿ, ಸ್ಟೆಮ್ ಅಂಟಿಕೊಂಡ ಹಾಗೆ ಟ್ಯೂಬ್ ಸುತ್ತಿ, ಅದರ ಮೇಲೆ ಕ್ಲ್ಯಾಂಪ್ ಕೂರಿಸಿ. ಇಳಿಜಾರಿನ ಮೇಲೆ ಏನು ಸುತ್ತಿದರೂ ಪೂರ್ತಿ ಉಪಯೋಗ ಆಗುವುದಿಲ್ಲ.

ಹೊಸದು ತಗೊಳ್ಳುವಾಗ ಸ್ಕ್ರೂ ಕ್ಲ್ಯಾಂಪ್ ಬಿಟ್ಟು ರಬ್ಬರ್ ಪಟ್ಟಿಯದ್ದು ನೋಡಿ. ಸಿಲಿಕೋನ್ ಪಟ್ಟಿಯಲ್ಲಿ ಎರಡು ಮೂರು ತೂತು, ಎಳೆದು ಕೊಕ್ಕೆಗೆ ಹಾಕುವುದು. ಹ್ಯಾಂಡಲ್ ದಪ್ಪ ಎಷ್ಟೇ ಇರಲಿ, ಸ್ವಲ್ಪ ಇಳಿಜಾರೇ ಇರಲಿ, ಮೈಗೆ ಮೈ ತಾಗಿ ಕೂರುತ್ತದೆ. ಇದರಲ್ಲೇ ಎರಡು ಬಗೆ. ಒಂದರಲ್ಲಿ ಪಟ್ಟಿ ಲೈಟಿಗೇ ಇರುತ್ತದೆ, ತೆಗೆದರೆ ಎಲ್ಲಾ ಒಟ್ಟಿಗೆ ಬರುತ್ತದೆ. ಇನ್ನೊಂದರಲ್ಲಿ ಪಟ್ಟಿಯ ಬ್ರ್ಯಾಕೆಟ್ ಹ್ಯಾಂಡಲ್ ಮೇಲೇ ಉಳಿದು ಲೈಟ್ ಮಾತ್ರ ಜಾರಿ ಹೊರಗೆ ಬರುತ್ತದೆ. ದಿನಾ ಆಫೀಸಿನಲ್ಲಿ ತೆಗೆಯುವ ನಿಮಗೆ ಎರಡನೆಯದೇ ವಾಸಿ. ಬೆಳಕಿನ ಕೋನ ಪ್ರತಿ ಸಲ ಹೊಸದಾಗಿ ಹೊಂದಿಸಬೇಕಾಗಿಲ್ಲ. ಕ್ಯಾಟ್‌ಐ ಕಂಪನಿಯ ಫ್ಲೆಕ್ಸ್‌ಟೈಟ್ ಬ್ರ್ಯಾಕೆಟ್ ಕೂಡ ಒಳ್ಳೆಯದು. ಪ್ಲಾಸ್ಟಿಕ್ ಪಟ್ಟಿ, ಬೆರಳಲ್ಲೇ ತಿರುಗಿಸಿ ಬಿಗಿ ಮಾಡುವ ಚಕ್ರ. ಟೂಲ್ ಬೇಡ.

ಅಂಗಡಿಗೆ ಸೈಕಲ್ ತಗೊಂಡೇ ಹೋಗಿ. ಲೈಟ್ ಹಾಕಿಸಿ, ಮುಂದಿನ ಚಕ್ರವನ್ನು ಒಂದು ಗೇಣು ಎತ್ತಿ ಬಿಡಿ. ನಾಲ್ಕೈದು ಸಲ ಬಿಟ್ಟರೂ ಮೂತಿ ಅಲ್ಲೇ ಇದ್ದರೆ ಮಾತ್ರ ದುಡ್ಡು ಕೊಡಿ.

ಹಡಪ್ಸರ್ ಸವಾರ

ಇಷ್ಟೆಲ್ಲಾ ಯಾಕೆ? ತಪಕೀರ್ ಗಲ್ಲಿಗೆ ಹೋಗಿ ಒಂದು ಒಳ್ಳೆ ಎಲ್‌ಇಡಿ ಟಾರ್ಚ್, ಎರಡು ರಬ್ಬರ್ ರಿಂಗ್ ತಗೊಳ್ಳಿ. 700 ರೂಪಾಯಿಯಲ್ಲಿ ಮುಗಿಯುತ್ತದೆ. ಸೆಲ್ ಹೋದರೆ ಬೇರೆ ಹಾಕಬಹುದು. ಸೈಕಲ್ ಲೈಟ್‌ನಲ್ಲಿ ಬ್ಯಾಟರಿ ಹೋದರೆ ಲೈಟೇ ಹೋಯಿತು.

ಔಂಧ್ ಸವಾರ

ಸೆಲ್ ಬದಲಿಸುವ ಮಾತು ನೂರಕ್ಕೆ ನೂರು ನಿಜ. ಸೈಕಲ್ ಲೈಟ್‌ಗಳಲ್ಲೂ ಸೆಲ್ ತೆಗೆಯಲು ಬರುವಂಥವು ಸಿಗುತ್ತವೆ, ಕೇಳಿ ತಗೊಳ್ಳಬೇಕು.

ಆದರೆ ಟಾರ್ಚಿನ ಬೆಳಕು ದುಂಡಗೆ ಬೀಳುತ್ತದೆ. ಅರ್ಧ ಬೆಳಕು ರಸ್ತೆಗೆ, ಅರ್ಧ ಎದುರು ಬರುವವರ ಕಣ್ಣಿಗೆ. ಬೆಳಗ್ಗೆ ಖಡಕ್‌ವಾಸ್ಲಾ ರಸ್ತೆಯಲ್ಲಿ ವಾಕಿಂಗ್ ಬರುವ ವಯಸ್ಸಾದವರಿದ್ದಾರೆ, ಹಾಲಿನ ಗಾಡಿಯವರಿದ್ದಾರೆ. ಅವರಿಗೆ ಕಣ್ಣು ಕತ್ತಲೆ ಬಂದರೆ ಅವರು ನಮ್ಮ ಮೇಲೇ ಬರುತ್ತಾರೆ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಜರ್ಮನಿಯ ಎಸ್‌ಟಿವಿಝಡ್‌ಒ ನಿಯಮದ ಲೈಟ್‌ಗಳಲ್ಲಿ ಕಾರಿನ ಡಿಪ್ ಬೀಮ್ ಹಾಗೆ ಮೇಲಿನ ಬೆಳಕನ್ನು ಕತ್ತರಿಸಿ ಪೂರ್ತಿ ರಸ್ತೆಗೆ ಹಾಕಿರುತ್ತಾರೆ. ಲ್ಯೂಮೆನ್ ಕಡಿಮೆ ಇದ್ದರೂ ರಸ್ತೆ ಚೆನ್ನಾಗಿ ಕಾಣುತ್ತದೆ. 2000 ಒಳಗೆ ಅಂಥದ್ದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಸಿಗದಿದ್ದರೆ ದುಂಡು ಬೆಳಕಿನದ್ದನ್ನೇ ಸರಿಯಾಗಿ ಬಗ್ಗಿಸಿ ಬಳಸಿ.

ಬಗ್ಗಿಸುವುದು ಎಷ್ಟು? ರಾತ್ರಿ ಸೈಕಲನ್ನು ಗೋಡೆಯಿಂದ 5 ಮೀಟರ್ ದೂರ, ನೆಲ ಸಮ ಇರುವ ಕಡೆ ನಿಲ್ಲಿಸಿ. ಲೈಟ್ ನೆಲದಿಂದ 1 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ಬೆಳಕಿನ ನಡುಭಾಗ ಗೋಡೆ ಮೇಲೆ 75 ಸೆಂ.ಮೀ. ಎತ್ತರದಲ್ಲಿ ಬೀಳಬೇಕು. ಆಗ ರಸ್ತೆಯಲ್ಲಿ 20 ಮೀಟರ್ ಮುಂದೆ ಬೀಳುತ್ತದೆ. 25 ಕಿ.ಮೀ. ವೇಗದಲ್ಲಿ ನೀವು ಸೆಕೆಂಡಿಗೆ 7 ಮೀಟರ್ ಹೋಗುತ್ತೀರಿ. ಗುಂಡಿ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್, ನಿಲ್ಲಲು ಇನ್ನೊಂದು 6 ಮೀಟರ್. 20 ಮೀಟರ್ ಇದ್ದರೆ ಸಾಕು. ಘಾಟ್ ಇಳಿಯುವಾಗ ಈ ಲೆಕ್ಕ ನಡೆಯುವುದಿಲ್ಲ. 40ರಲ್ಲಿ ನಿಲ್ಲಲು ಹೆಚ್ಚುಕಡಿಮೆ 26 ಮೀಟರ್ ಬೇಕು. ಬೋಪ್‌ದೇವ್ ಘಾಟ್ ಕತ್ತಲಲ್ಲಿ ಇಳಿಯುವುದಾದರೆ ವೇಗ ಇಳಿಸಿ, ಲೈಟನ್ನು ಎತ್ತಬೇಡಿ.

ಕೋಥ್ರೂಡ್ ಸವಾರ

ಟ್ಯೂಬ್ ಸುತ್ತಿ ನೋಡಿದೆ, ಬೆಲ್ ಹ್ಯಾಂಡಲ್ ಕೆಳಗಡೆಗೆ ಹೋಯಿತು. ಎಷ್ಟೋ ವಾಸಿ, ಆದರೆ ದೊಡ್ಡ ಗುಂಡಿಗೆ ಇನ್ನೂ ಸ್ವಲ್ಪ ಬಗ್ಗುತ್ತದೆ. ಹೊಸದೇ ತಗೊಳ್ಳುತ್ತೇನೆ. ಎಷ್ಟು ಲ್ಯೂಮೆನ್ ಅಂತ ಈಗಾದರೂ ಹೇಳಿ!

ಔಂಧ್ ಸವಾರ

ನಿಮ್ಮ ದಾರಿಗೆ 400 ಸಾಕು. ಅದೂ ನಿಜವಾದ 400. ಬೀದಿದೀಪ ಇರುವ ಕಡೆ 200ಕ್ಕೆ ಇಳಿಸಿಕೊಳ್ಳಿ.

ನಿಜವಾದ್ದು ಅಂತ ತಿಳಿಯಲು ಬ್ಯಾಟರಿ ನೋಡಿ. ಈ ಲೈಟ್‌ಗಳಲ್ಲಿ ಸಾಮಾನ್ಯವಾಗಿ ಒಂದು 18650 ಸೆಲ್ ಇರುತ್ತದೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, 3.7 ವೋಲ್ಟ್. 2600 ಎಂಎಎಚ್ ಸೆಲ್ ಅಂದರೆ ಸುಮಾರು 9.6 ವಾಟ್-ಅವರ್. ಎಲ್‌ಇಡಿ ಒಂದು ವಾಟ್‌ಗೆ 100 ಲ್ಯೂಮೆನ್ ಕೊಡುತ್ತದೆ ಅಂತ ಹಿಡಿದರೆ 400ಕ್ಕೆ 4 ವಾಟ್, ಎರಡು ಗಂಟೆ ಬರುತ್ತದೆ. ಅದೇ ಸೆಲ್‌ನಲ್ಲಿ 1000 ಲ್ಯೂಮೆನ್ ಮೂರು ಗಂಟೆ ಅಂತ ಬರೆದಿದ್ದರೆ ಲೆಕ್ಕ ಕೂಡುವುದಿಲ್ಲ. ಒಂದೇ 18650 ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅಂಗಡಿಯಿಂದ ಹೊರಗೆ ಬನ್ನಿ. ಒಳ್ಳೆಯ ಕಂಪನಿಯ ಸೆಲ್ಲೇ ಸಾಮಾನ್ಯವಾಗಿ 3500ರ ಹತ್ತಿರ ನಿಲ್ಲುತ್ತದೆ.

ಮಳೆಗೆ ಐಪಿಎಕ್ಸ್4 (ನೀರು ತಡೆಯುವ ದರ್ಜೆ) ಕನಿಷ್ಠ. ಎಲ್ಲ ಕಡೆಯಿಂದ ಚಿಮ್ಮುವ ನೀರು ತಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಓಡಿಸುವವರಾದರೆ ಐಪಿಎಕ್ಸ್6 ನೋಡಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳವನ್ನು ಅಂಗಡಿಯಲ್ಲೇ ತೆಗೆದು ಹಾಕಿ ನೋಡಿ. ಮೊದಲು ಹಾಳಾಗುವುದು ಅದೇ. ಒದ್ದೆ ಡಾಂಬರಿನ ಮೇಲೆ ಬೆಳಕು ನಮ್ಮ ಕಡೆ ವಾಪಸ್ ಬರದೆ ಮುಂದಕ್ಕೆ ಜಾರಿ ಹೋಗುತ್ತದೆ, ಹಾಗಾಗಿ ಮಳೆಯಲ್ಲಿ ಅದೇ ಲೈಟ್ ಮಂಕಾಗಿ ಕಾಣುತ್ತದೆ. ಲೈಟ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ.

ಕೋಥ್ರೂಡ್ ಸವಾರ

400 ಲ್ಯೂಮೆನ್, ರಬ್ಬರ್ ಪಟ್ಟಿಯ ಬ್ರ್ಯಾಕೆಟ್, ಟೈಪ್-ಸಿ ಚಾರ್ಜಿಂಗ್. 1600 ರೂಪಾಯಿ. ಅಂಗಡಿಯಲ್ಲಿ ಚಕ್ರ ಎತ್ತಿ ಬಿಟ್ಟು ನೋಡಿಯೇ ತಗೊಂಡೆ, ಅಂಗಡಿಯವರು ಬೇಡ ಅನ್ನಲಿಲ್ಲ. ಇವತ್ತು ಬೆಳಗ್ಗೆ ಒಂದು ಸಲವೂ ಬಗ್ಗಲಿಲ್ಲ, ತುಂಬಾ ಥ್ಯಾಂಕ್ಸ್.

ಆದರೆ ಒಂದು ತೊಂದರೆ. ಹ್ಯಾಂಡಲ್ ಮುಂದೆ ಬ್ರೇಕ್, ಗೇರ್ ಕೇಬಲ್‌ಗಳು ಬಿಲ್ಲಿನ ಹಾಗೆ ಬಾಗಿವೆ. ಅವುಗಳ ನೆರಳು ರಸ್ತೆ ಮೇಲೆ ಎರಡು ಕಪ್ಪು ಗೆರೆಯಾಗಿ ಬೀಳುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಆ ಗೆರೆಗಳೂ ಓಡಾಡುತ್ತವೆ. ಗುಂಡಿ ಅಂತಲೇ ಅನ್ನಿಸುತ್ತದೆ.

ನಿಗಡಿ ಸವಾರ

ಇದು ರೋಡ್ ಬೈಕ್‌ಗೆ ಇದ್ದದ್ದೇ. ಲೈಟಿನ ಕಣ್ಣು ಕೇಬಲ್‌ಗಿಂತ ಮುಂದೆ ಬಂದರೆ ನೆರಳು ಹೋಗುತ್ತದೆ. ಸ್ಟೆಮ್ ಮುಂದಕ್ಕೆ ಚಾಚಿಕೊಳ್ಳುವ ಮೀಟರ್ ಮೌಂಟ್ ಸಿಗುತ್ತದೆ. ಮೇಲೆ ಗಾರ್ಮಿನ್ ಥರದ ಮೀಟರ್, ಕೆಳಗೆ ಗೋಪ್ರೋ ಕ್ಯಾಮೆರಾ ಹಾಕುವ ಥರದ ಕೊಂಡಿಗೆ ಲೈಟ್. ನಿಮ್ಮ ಲೈಟಿಗೆ ಗೋಪ್ರೋ ಅಡಾಪ್ಟರ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಮೌಂಟ್ ಹಾಕಲು ಒಂದು ಸಲ ಅಲೆನ್ ಕೀ ಬೇಕು, ಆಮೇಲೆ ಬೇಡ.

ಹೀಗೆ ಹಾಕಿದರೆ ಲೈಟ್ ತಲೆಕೆಳಗಾಗುತ್ತದೆ. ನಿಮ್ಮದು ದುಂಡು ಬೆಳಕಾದರೆ ಏನೂ ತೊಂದರೆ ಇಲ್ಲ. ಮೇಲೆ ಕತ್ತರಿಸಿದ ಬೆಳಕಿನ ಲೈಟನ್ನು ಮಾತ್ರ ಹೀಗೆ ಹಾಕಲೇಬಾರದು. ಕತ್ತರಿಸಿದ ಅಂಚು ಕೆಳಗೆ ಬಂದು ಬೆಳಕೆಲ್ಲ ಎದುರಿನವರ ಮುಖಕ್ಕೆ ಹೋಗುತ್ತದೆ. ಚಾರ್ಜಿಂಗ್ ತೂತು ಯಾವ ಕಡೆ ಬರುತ್ತದೆ ಅನ್ನುವುದೂ ಗಮನದಲ್ಲಿರಲಿ. ಮೇಲ್ಮುಖ ಆದರೆ ಮಳೆ ನೀರು ಮುಚ್ಚಳದ ಮೇಲೇ ನಿಲ್ಲುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಪ್ರಯತ್ನ ಮಾಡಿ. ಎರಡು ಕೇಬಲ್ ಒಂದನ್ನೊಂದು ದಾಟುವ ಜಾಗದಲ್ಲಿ ಸಣ್ಣ ಜಿಪ್ ಟೈ ಸಡಿಲವಾಗಿ ಹಾಕಿ, ಬೆಳಕಿನ ದಾರಿಯಿಂದ ಆಚೆ ಸರಿಸಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಕೇಬಲ್ ಎಳೆಯಬಾರದು.

ಕೋಥ್ರೂಡ್ ಸವಾರ

ಜಿಪ್ ಟೈನಲ್ಲೇ ಒಂದು ಗೆರೆ ಹೋಯಿತು. ಉಳಿದದ್ದು ಎಡಕ್ಕೆ ಸರಿದಿದೆ, ನಡುರಸ್ತೆ ಚೆನ್ನಾಗಿ ಕಾಣುತ್ತದೆ. ಮೌಂಟ್ ಸದ್ಯಕ್ಕೆ ಬೇಡ.

ಕೊನೆಯ ಪ್ರಶ್ನೆ. ಮುಂದೆ 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುವ ಆಸೆ ಇದೆ. ಈ ಲೈಟ್ ನಡೆಯುತ್ತಾ? ಪವರ್ ಬ್ಯಾಂಕ್ ಹಚ್ಚಿ ನೋಡಿದೆ, ಲೈಟ್ ಆನ್ ಇರುತ್ತದೆ ಆದರೆ ತಾನಾಗಿಯೇ ಕಡಿಮೆ ಬೆಳಕಿಗೆ ಇಳಿಯುತ್ತದೆ.

ನಿಗಡಿ ಸವಾರ

200ಕ್ಕೆ 13 ಗಂಟೆ 30 ನಿಮಿಷ ಸಮಯ. ಬೆಳಗ್ಗೆ ಆರಕ್ಕೆ ಬಿಟ್ಟರೂ ಸಂಜೆ ಏಳೂವರೆವರೆಗೆ ಬರುತ್ತದೆ, ಕತ್ತಲಲ್ಲಿ ಓಡಿಸುವುದು ಸ್ವಲ್ಪ ಹೊತ್ತೇ. 400 ಲ್ಯೂಮೆನ್‌ನ ಎರಡು ಗಂಟೆ ಸಾಕು. ಲೈಟ್ ಸೈಕಲ್‌ಗೇ ಗಟ್ಟಿಯಾಗಿ ಹಾಕಿರಬೇಕು, ಹಿಂದೆ ಕೆಂಪು ಲೈಟ್ ಬೇಕು, ಕತ್ತಲಲ್ಲಿ ಮುಂದೆ ಹಿಂದೆ ಒಂದೊಂದಾದರೂ ಮಿನುಗದೆ ಉರಿಯುತ್ತಿರಬೇಕು. ರಿಫ್ಲೆಕ್ಟರ್ ಜಾಕೆಟ್ ಕೂಡ ಬೇಕು.

300ಕ್ಕೆ 20 ಗಂಟೆ. ಅಲ್ಲಿ ಈ ಒಂದು ಲೈಟ್ ಸಾಲುವುದಿಲ್ಲ. ಚಾರ್ಜ್ ಆಗುವಾಗ ಬೆಳಕು ಇಳಿಯುವ ಲೈಟಿಗೆ ಪವರ್ ಬ್ಯಾಂಕ್ ನಂಬಿಕೊಂಡು ಘಾಟ್ ಇಳಿಯಬೇಡಿ. ಇಂಥದ್ದೇ ಇನ್ನೊಂದು ಲೈಟ್ ತಗೊಳ್ಳಿ, ಬ್ರ್ಯಾಕೆಟ್ ಒಂದೇ ಆಗುತ್ತದೆ. ಒಂದು ಉರಿಯುವಾಗ ಇನ್ನೊಂದು ಬ್ಯಾಗಿನಲ್ಲಿ ಪವರ್ ಬ್ಯಾಂಕ್‌ಗೆ ಹಾಕಿರಲಿ.