ಮಧುಗಿರಿ ಹತ್ತಿದವರಿಗೆ ಟೊಂಗರಿರೊ ಕಷ್ಟವಾ?

ತುಮಕೂರಿನಿಂದ ಪ್ರಶ್ನೆ:
ಜನವರಿಯಲ್ಲಿ ನ್ಯೂಜಿಲೆಂಡಿಗೆ, ಮಗಳ ಮನೆಗೆ ಹೋಗುತ್ತಿದ್ದೇನೆ. ಅಳಿಯಂದಿರು ಟೊಂಗರಿರೊ ಕ್ರಾಸಿಂಗ್‌ಗೆ ಕರೆದುಕೊಂಡು ಹೋಗುತ್ತಾರಂತೆ. ಜ್ವಾಲಾಮುಖಿ ಬೆಟ್ಟದ ಮೇಲೆ ಒಂದೇ ದಿನ ಸುಮಾರು 20 ಕಿಲೋಮೀಟರ್! ನನಗೆ 52. ಭಾನುವಾರ ದೇವರಾಯನದುರ್ಗ ಹತ್ತುತ್ತೇನೆ, ಅಷ್ಟೇ. ಆಗುತ್ತಾ? ಹೋಗಿ ಬಂದವರು ಹೇಳಿ.

ಮಧುಗಿರಿಯಿಂದ:
ಆಗುತ್ತೆ ಅಕ್ಕ. ಹತ್ತುವುದಕ್ಕೆ ಹೆದರಬೇಡಿ. ಮಂಗಟೆಪೊಪೊ ಅನ್ನುವ ಕಡೆ ಸುಮಾರು 1,100 ಮೀಟರ್ ಎತ್ತರದಲ್ಲೇ ಶುರುವಾಗುತ್ತದೆ. ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ರೆಡ್ ಕ್ರೇಟರ್ ಅನ್ನುವ ಜ್ವಾಲಾಮುಖಿ ಬಾಯಿ, 1,886 ಮೀಟರ್. ನಡುವೆ ‘ಡೆವಿಲ್ಸ್ ಸ್ಟೇರ್‌ಕೇಸ್’ ಅಂತ ಮೆಟ್ಟಿಲು. ನಮ್ಮ ಕೋಟೆ ಬಂಡೆ ಹತ್ತಿದವರಿಗೆ ಅದೇನೂ ಅಲ್ಲ.

ಪಜೀತಿ ಇರುವುದು ಇಳಿಯುವಾಗ. ನಮ್ಮದು ಏಕಶಿಲೆ, ಇಟ್ಟ ಕಾಲು ಇಟ್ಟಲ್ಲೇ ನಿಲ್ಲುತ್ತದೆ. ಅಲ್ಲಿ ರೆಡ್ ಕ್ರೇಟರ್‌ನಿಂದ ಹಸಿರು ಕೆರೆಗಳ ಕಡೆಗೆ ಇಳಿಯುವ ದಾರಿ ಪೂರ್ತಿ ಜ್ವಾಲಾಮುಖಿ ಉಗುಳಿದ ಪುಡಿಗಲ್ಲು. ಮನೆ ಕಟ್ಟುವ ಕಡೆ ಜಲ್ಲಿ ರಾಶಿ ಸುರಿದಿರುತ್ತಾರಲ್ಲ, ಅದರ ಮೇಲಿಂದ ಇಳಿದ ಹಾಗೆ. ನಾನು ಕೆರೆ ನೋಡುತ್ತಾ ಕಾಲಿಟ್ಟೆ, ಜರ್ರನೆ ಜಾರಿ ಕುಕ್ಕರಿಸಿದೆ. ಪ್ಯಾಂಟು ಹರಿಯಿತು. ಪಕ್ಕದಲ್ಲಿ ಆರಾಮಾಗಿ ಇಳಿಯುತ್ತಿದ್ದ ಒಬ್ಬ ಅಜ್ಜಿ ನಿಂತು ತೋರಿಸಿಕೊಟ್ಟರು: ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಒತ್ತಿ, ಚಿಕ್ಕ ಚಿಕ್ಕ ಹೆಜ್ಜೆ. ಭಯಕ್ಕೆ ಹಿಂದೆ ವಾಲಿದರೆ ಬೀಳುವುದು ಗ್ಯಾರಂಟಿ. ಎರಡು ಕೋಲು ಇರಲಿ.

ಚಿಕ್ಕಬಳ್ಳಾಪುರದಿಂದ:
ಜಲ್ಲಿ ಸರಿ, ಗಾಳಿ ಬಗ್ಗೆ ಯಾರು ಹೇಳುತ್ತಾರೆ? ಸ್ಕಂದಗಿರಿಯ ಬೆಳಗಿನ ಚಳಿ ಲೆಕ್ಕ ಹಾಕಿಕೊಂಡು ಒಂದು ಸ್ವೆಟರ್ ಒಯ್ದಿದ್ದೆ. ಜನವರಿ ಅಲ್ಲಿ ಬೇಸಿಗೆ ತಾನೇ! ಮೊದಲ ದಿನ ಗಾಳಿ ಜಾಸ್ತಿ ಅಂತ ದಾರಿ ಶುರುವಾಗುವ ಕಡೆಗೆ ಬಸ್ಸೇ ಬಿಡಲಿಲ್ಲ. ಮಾರನೇ ದಿನ ಹೋದರೆ ಕೆಳಗೆ ಬೆವರು, ಮೇಲೆ ಹಲ್ಲು ಕಟಕಟ. ಗಾಳಿ, ಮಳೆ ತಡೆಯುವ ಜಾಕೆಟ್, ಟೋಪಿ, ಗ್ಲೌಸ್ ಬೇಕೇ ಬೇಕು. ಪ್ಲಾನಿನಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಮೇಡಂ.

ಶುರುವಾಗುವ ಕಡೆ ಸೀಸನ್‌ನಲ್ಲಿ ಕಾರು 4 ಗಂಟೆಗಿಂತ ಜಾಸ್ತಿ ನಿಲ್ಲಿಸುವ ಹಾಗಿಲ್ಲ. ಕಾರನ್ನು ದಾರಿ ಮುಗಿಯುವ ಕಡೆ ಬಿಟ್ಟು, ಬಸ್ಸಿನಲ್ಲಿ ಶುರುವಿಗೆ ಹೋಗಿ. ಸಂಜೆ ಬಸ್ಸು ತಪ್ಪುತ್ತೆ ಅನ್ನುವ ಧಾವಂತ ಇರುವುದಿಲ್ಲ. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ಎರಡು ಮೂರು ಲೀಟರ್ ಹೊತ್ತುಕೊಳ್ಳಿ. ಅಲ್ಲಿನ ಕೆರೆಗಳು ಮಾವೊರಿ ಜನಕ್ಕೆ ಪವಿತ್ರ. ಕೈ ಅದ್ದುವುದು, ದಡದಲ್ಲಿ ಕೂತು ಬುತ್ತಿ ಬಿಚ್ಚುವುದು ಬೇಡ.

ಕೋಲಾರದಿಂದ:
ನಾನು ಪೂರ್ತಿ ಮಾಡಲಿಲ್ಲ, ಅದನ್ನೂ ಕೇಳಿ. ಎರಡು ತಿಂಗಳು ಅಂತರಗಂಗೆ ಹತ್ತಿ ಇಳಿದೆ. ಒಂದು ದಿನವೂ 20 ಕಿಲೋಮೀಟರ್ ಒಟ್ಟಿಗೆ ನಡೆದಿರಲಿಲ್ಲ. ಅದು 7-8 ಗಂಟೆಯ ನಡಿಗೆ ಕಣ್ರೀ. ಆ ಮೆಟ್ಟಿಲು ಹತ್ತಿದಮೇಲೆ, ರೆಡ್ ಕ್ರೇಟರ್‌ಗಿಂತ ಮೊದಲು ಸಿಗುವ ಸೌತ್ ಕ್ರೇಟರ್‌ನ ಬಯಲಿಗೆ ಬರುವಷ್ಟರಲ್ಲಿ ಮಂಡಿ ಮುಷ್ಕರ ಹೂಡಿತು. ವಾಪಸ್ ಬಂದೆ. ನೀವೂ ವಾಪಸ್ ಬರುವುದಾದರೆ ಅಲ್ಲಿಂದಲೇ ಬನ್ನಿ. ರೆಡ್ ಕ್ರೇಟರ್ ದಾಟಿ ಕೆಳಗೆ ಇಳಿದಮೇಲೆ ಆ ಜಲ್ಲಿ ಮತ್ತೆ ಹತ್ತಬೇಕು. ನೀವು ವಾರಕ್ಕೊಂದು ದಿನ ಬುತ್ತಿ ಕಟ್ಟಿಕೊಂಡು ಐದಾರು ಗಂಟೆ ನಿಲ್ಲದೆ ನಡೆಯಿರಿ, ಬೆಟ್ಟ ಇಲ್ಲದಿದ್ದರೂ ಪರವಾಗಿಲ್ಲ.

ಇನ್ನೊಂದು. ಬೆಟ್ಟ ಹತ್ತಿದ ಶೂ ಒಯ್ದರೆ ನ್ಯೂಜಿಲೆಂಡಿಗೆ ಹೋಗುವವರು ತುಂಬುವ ಫಾರಂನಲ್ಲಿ ಬರೆಯಬೇಕು. ಚಟ್ನಿಪುಡಿ, ಉಪ್ಪಿನಕಾಯಿನೂ ಅಷ್ಟೇ. ನನ್ನ ಶೂ ತಿರುಗಿಸಿ ಅಟ್ಟೆ ನೋಡಿದರು. ಮಣ್ಣು ಇರಬಾರದು.

ತುಮಕೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಈಗ ಶೂ ತಿರುಗಿಸಿ ನೋಡಿದೆ. ದೇವರಾಯನದುರ್ಗದ ಅರ್ಧ ಮಣ್ಣು ಇಲ್ಲೇ ಇದೆ. ಹಳೇ ಟೂತ್‌ಬ್ರಷ್ ಹುಡುಕುತ್ತಿದ್ದೇನೆ.