ಕಾರ್ ಕ್ಯಾಂಪಿಂಗ್ ಸೋಲಾರ್: ಭಾನುವಾರದ ಪ್ರಶ್ನೋತ್ತರ

ಸೋಲಾರ್ ಮೆಕ್ಯಾನಿಕ್, ಕಾರವಾರ: ಮಧ್ಯಾಹ್ನದ ತನಕ ಇಲ್ಲಿರುತ್ತೇನೆ, ಕೇಳಿ. ಪ್ಯಾನೆಲ್ ಎಷ್ಟು ಅನ್ನುವ ಮೊದಲು ಏನೇನು ಓಡಿಸುತ್ತೀರಿ ಅಂತ ಬರೆಯಿರಿ.

ಕುಮಟಾ ವ್ಯಾಗನ್: ಎರಡು ಫೋನ್, ಎರಡು ಎಲ್‌ಇಡಿ ದೀಪ, ರಾತ್ರಿಗೆ ಒಂದು 12 ವೋಲ್ಟ್ ಫ್ಯಾನ್.

ಸೋಲಾರ್ ಮೆಕ್ಯಾನಿಕ್: ದಿನಕ್ಕೆ ಸುಮಾರು 200 ವ್ಯಾಟ್ ಅವರ್. 100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿದ್ದರೆ 300 ದಾಟಿಸುತ್ತದೆ. 12.8 ವೋಲ್ಟ್, 40 ಎಎಚ್ (ಆಂಪಿಯರ್ ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ಪ್ಲಸ್ ಟರ್ಮಿನಲ್‌ಗೆ ಅಂಟಿಕೊಂಡಂತೆ ಫ್ಯೂಸ್ ಇರಲೇಬೇಕು. ಜೋಡಿಸುವಾಗ, ಚಾರ್ಜ್ ಹತೋಟಿಯಲ್ಲಿಡುವ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್.

ಶಿರಸಿ ಮಲೆನಾಡಿಗ: ತೋಟದಲ್ಲಿ ನಿಲ್ಲಿಸಿದರೆ 100 ವ್ಯಾಟ್ ಪ್ಯಾನೆಲ್ 10 ವ್ಯಾಟ್ ಕೂಡ ಕೊಡುವುದಿಲ್ಲ. ಹಾಳಾಗಿದೆಯಾ?

ಸೋಲಾರ್ ಮೆಕ್ಯಾನಿಕ್: ಅಡಿಕೆ ಮರದ ನೆರಳು. ಒಳಗಿನ ಸೆಲ್‌ಗಳೆಲ್ಲ ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ನಾಲ್ಕು ಸೆಲ್‌ಗೆ ನೆರಳು ಬಿದ್ದರೂ ಉಳಿದವು ಕುಗ್ಗುತ್ತವೆ. ಮಡಚುವ ಪ್ಯಾನೆಲ್ ತಗೊಳ್ಳಿ. ಕಾರು ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ.

ಹಳಿಯಾಳ ರೈಡರ್: ಇಂಡಕ್ಷನ್ ಒಲೆ ಓಡುತ್ತಾ ಸರ್?

ಸೋಲಾರ್ ಮೆಕ್ಯಾನಿಕ್: ಇಲ್ಲ. 2000 ವ್ಯಾಟ್ ಅಂದರೆ 12 ವೋಲ್ಟ್‌ನಲ್ಲಿ 160 ಆಂಪಿಯರ್ ಮೇಲೆ. ಗ್ಯಾಸ್ ಒಲೆ ಒಯ್ಯಿರಿ.

ಹೊನ್ನಾವರ ಫಾರ್ವರ್ಡ್: ಇದು ಬಂದಿತ್ತು: "ಸತ್ತ ಬ್ಯಾಟರಿಗೆ ಎರಡು ಆಸ್ಪಿರಿನ್ ಮಾತ್ರೆ ಹಾಕಿ, ಹೊಸದಾಗುತ್ತದೆ." ಎಲ್ಲರಿಗೂ ಉಪಯೋಗ ಆಗಲಿ 🙏

ಸೋಲಾರ್ ಮೆಕ್ಯಾನಿಕ್: ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲ ಆಗುತ್ತದೆ, ಅದು ಒಳಗಿನ ಸೀಸವನ್ನು ತಿನ್ನುತ್ತದೆ. ತಲೆನೋವಿದ್ದವರು ನುಂಗಿ, ಬ್ಯಾಟರಿಗೆ ಬೇಡ.

ಭಟ್ಕಳ ಕಾರು: ಟಾಪ್ ತೂತು ಕೊರೆದು ಪ್ಯಾನೆಲ್ ಕೂರಿಸಿದರೆ ಇನ್ಶೂರೆನ್ಸ್‌ನವರು ತಕರಾರು ಮಾಡುತ್ತಾರಾ?

ಅಂಕೋಲಾ ಫ್ಯಾಮಿಲಿ: ಮಾಜಾಳಿಯಲ್ಲಿದ್ದೇವೆ. ಮನೆಯ ಹಳೆ ಇನ್ವರ್ಟರ್‌ನ 150 ಎಎಚ್ ಟ್ಯೂಬುಲರ್ (ಸೀಸ-ಆಸಿಡ್) ಬ್ಯಾಟರಿ ಡಿಕ್ಕಿಯಲ್ಲಿದೆ. ಟಾಪ್ ಮೇಲೆ 100 ವ್ಯಾಟ್‌ನ ಎರಡು ಪ್ಯಾನೆಲ್. ಕಂಟ್ರೋಲರ್ ಸುಟ್ಟಿತ್ತು, ತೆಗೆದು ನೇರ ಕೊಟ್ಟಿದ್ದೇನೆ. ನಿನ್ನೆಯಿಂದ ಕೊಳೆತ ಮೊಟ್ಟೆ ವಾಸನೆ. ಮಕ್ಕಳು ಹಿಂದಿನ ಸೀಟಿನಲ್ಲೇ ಮಲಗುತ್ತಾರೆ. ಪರ್ಫ್ಯೂಮ್ ಇಟ್ಟರೆ ಹೋಗುತ್ತಾ?

ಸೋಲಾರ್ ಮೆಕ್ಯಾನಿಕ್: ಪರ್ಫ್ಯೂಮ್ ಬಿಡಿ. ಮಕ್ಕಳನ್ನು ಈಗಲೇ ಇಳಿಸಿ, ದೂರ ಕೂರಿಸಿ. ಎಲ್ಲ ಬಾಗಿಲೂ, ಡಿಕ್ಕಿಯೂ ತೆರೆದಿರಲಿ. ಬೀಡಿ, ಒಲೆ ಯಾವುದೂ ಹತ್ತಿರ ಬೇಡ. ಬ್ಯಾಟರಿ ಟರ್ಮಿನಲ್ ಕಳಚಲು ಹೋಗಬೇಡಿ, ಕಿಡಿ ಹಾರುತ್ತದೆ. ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ. ಕರೆಂಟ್ ನಿಂತು, ಚೆನ್ನಾಗಿ ಗಾಳಿ ಆಡಿದ ಮೇಲೆ ವೈರು ಬಿಡಿಸಿ.

ಆಗಿದ್ದೇನು ಅಂದರೆ, ಆ ಪ್ಯಾನೆಲ್ ಬಿಸಿಲಲ್ಲಿ ಸುಮ್ನೆ ಇಟ್ಟರೂ 21-22 ವೋಲ್ಟ್ ತೋರಿಸುತ್ತದೆ. ಬ್ಯಾಟರಿಗೆ ಬೇಕಿರುವುದು 14.4ರ ಆಸುಪಾಸು. ತಡೆಯುವ ಕಂಟ್ರೋಲರ್ ಇಲ್ಲ, ಹಾಗಾಗಿ ಬ್ಯಾಟರಿ ತುಂಬಿದ ಮೇಲೂ ಕರೆಂಟ್ ನುಗ್ಗುತ್ತಲೇ ಇದೆ. ನೀರು ಒಡೆದು ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ 4% ಸೇರಿದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು, ಅದು ವಿಷ. ಸ್ವಲ್ಪ ಹೊತ್ತಿಗೆ ಮೂಗಿಗೆ ಗೊತ್ತಾಗುವುದೇ ನಿಲ್ಲುತ್ತದೆ. ವಾಸನೆ ಹೋಯ್ತು ಅಂತ ಮತ್ತೆ ಒಳಗೆ ಮಲಗಬೇಡಿ. ಯಾರಿಗಾದರೂ ತಲೆಸುತ್ತು, ವಾಂತಿ ಇದ್ದರೆ ನೇರ ಕಾರವಾರದ ಆಸ್ಪತ್ರೆಗೆ. ಬ್ಯಾಟರಿ ಬಿಸಿ ಇದೆಯಾ? ಉಬ್ಬಿದೆಯಾ? ತಿಳಿಸಿ.

ಗೋಕರ್ಣ ಕ್ಯಾಂಪರ್: ಮೀನು ಇಡಲು 12 ವೋಲ್ಟ್ ಫ್ರಿಜ್ ತಗೊಳ್ಳಬೇಕು...

ಕುಮಟಾ ವ್ಯಾಗನ್: ಕರಾವಳಿಯಲ್ಲಿ ಮೀನಿಗೆ ಫ್ರಿಜ್ಜಾ? ಬೆಳಿಗ್ಗೆ ಬಂದರಿಗೆ ಹೋದರೆ ತಾಜಾ ಬಂಗುಡೆ ಸಿಗಲ್ವಾ?

ಗೋಕರ್ಣ ಕ್ಯಾಂಪರ್: ದೇವಿಮನೆ ಘಾಟಿ ಹತ್ತಿದ ಮೇಲೆ ಯಾವ ಬಂದರು ಮಾರಾಯ್ರೆ?

ಶಿರಸಿ ಮಲೆನಾಡಿಗ: ಘಾಟಿ ಮೇಲೆ ಬಂದವರು ತಂಬುಳಿ ಉಣ್ಣಿ. ಮೀನು ತೊಳೆದ ನೀರು ನಮ್ಮ ಹಳ್ಳಕ್ಕೆ ಸುರಿಯುವುದು ನೀವೇ ಅಲ್ವಾ?

ಗೋಕರ್ಣ ಕ್ಯಾಂಪರ್: ನಮ್ಮ ಬೀಚಿಗೆ ಬಂದು ಬಾಟಲಿ ಎಸೆಯುವವರು ಯಾರಂತೆ?

ಸೋಲಾರ್ ಮೆಕ್ಯಾನಿಕ್: ಜಗಳ ಹೊರಗೆ ಮಾಡಿ. ಫ್ರಿಜ್‌ಗೆ 200 ವ್ಯಾಟ್ ಪ್ಯಾನೆಲ್, 100 ಎಎಚ್ ಲಿಥಿಯಂ. ಅಂಕೋಲಾದವರು ಎಲ್ಲಿ?

ಹಳಿಯಾಳ ರೈಡರ್: ಸರ್, ಸಣ್ಣ ಇಂಡಕ್ಷನ್ ಆದ್ರೆ?

ಸೋಲಾರ್ ಮೆಕ್ಯಾನಿಕ್: ಮೇಲೆ ಓದಿ.

ಸಿದ್ದಾಪುರ ಜೀಪ್: ಜುಲೈ ಮಳೆಯಲ್ಲಿ ಇದೆಲ್ಲ ನಡೆಯುತ್ತಾ?

ಸೋಲಾರ್ ಮೆಕ್ಯಾನಿಕ್: ಸೋಲಾರ್ ನಂಬಬೇಡಿ. ಗಾಡಿ ಓಡುವಾಗ ಎಂಜಿನ್‌ನ ಆಲ್ಟರ್ನೇಟರ್‌ನಿಂದ ತುಂಬಿಸಿ, ಮಧ್ಯೆ ವೋಲ್ಟೇಜ್ ಸರಿಹೊಂದಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ಹೊನ್ನಾವರ ಫಾರ್ವರ್ಡ್: "ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಚಾಕಲೇಟ್‌ನ ಬೆಳ್ಳಿ ಹಾಳೆ ಸುತ್ತಿ."

ಸೋಲಾರ್ ಮೆಕ್ಯಾನಿಕ್: ಅಡ್ಮಿನ್, ಇವರ ಫಾರ್ವರ್ಡ್ ನಿಲ್ಲಿಸುತ್ತೀರಾ, ನಾನೇ ಹೋಗಲಾ? ಫ್ಯೂಸ್ ಕರಗುವುದು ವೈರು ಉರಿಯಬಾರದು ಅಂತ. ಹಾಳೆ ಸುತ್ತಿದರೆ ಕಾರೇ ಉರಿಯುತ್ತದೆ.

ಹೊನ್ನಾವರ ಫಾರ್ವರ್ಡ್: ಒಳ್ಳೆಯದಕ್ಕೆ ಹಾಕಿದ್ದು. ಅಷ್ಟು ಸಿಟ್ಟು ಯಾಕೆ?

ಭಟ್ಕಳ ಕಾರು: ಇನ್ಶೂರೆನ್ಸ್ ಪ್ರಶ್ನೆ ಯಾರೂ ನೋಡಿಲ್ಲ.

ಅಂಕೋಲಾ ಫ್ಯಾಮಿಲಿ: ಸರ್, ಕಂಬಳಿ ಹೊದಿಸಿದೆವು, ವೈರು ಬಿಡಿಸಿದೆ. ಮಕ್ಕಳು ಆರಾಮಿದ್ದಾರೆ. ಬ್ಯಾಟರಿ ಒಂದು ಬದಿ ಉಬ್ಬಿದೆ, ಮುಟ್ಟಲಾಗದಷ್ಟು ಬಿಸಿ. ತಣ್ಣಗಾದ ಮೇಲೆ ಮನೆಯ ಇನ್ವರ್ಟರ್‌ಗೆ ಹಾಕಬಹುದಾ?

ಸೋಲಾರ್ ಮೆಕ್ಯಾನಿಕ್: ಹಾಕಬೇಡಿ. ಅದು ಮುಗಿದ ಬ್ಯಾಟರಿ. ಪೂರ್ತಿ ತಣ್ಣಗಾಗುವ ತನಕ ಅಲ್ಲಾಡಿಸಬೇಡಿ. ಆಮೇಲೆ ಇಬ್ಬರು ಸೇರಿ, ಓರೆಯಾಗದಂತೆ ಇಳಿಸಿ, ಒಳಗೆ ಆಸಿಡ್ ಇದೆ. ಬ್ಯಾಟರಿ ಅಂಗಡಿಗೆ ಕೊಡಿ, ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ.

ಹಳಿಯಾಳ ರೈಡರ್: ಸರ್, ಎಲೆಕ್ಟ್ರಿಕ್ ಕುಕ್ಕರ್?