ಮರು: ಮದುವೆ ಕಾರ್ಡಿಗೆ ‘ಅನ್‌ಕಂಡಿಷನಲ್ ಲವ್’, ನಾಳೆ ಹತ್ತಕ್ಕೆ ಪ್ರಿಂಟ್

ನಮಸ್ಕಾರ,

ಮದುವೆ ಕಾರ್ಡಿನಲ್ಲಿ ‘ಅನ್‌ಕಂಡಿಷನಲ್ ಲವ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹಾಕಿಸಲಿ ಅಂತ ಕೇಳಿದ್ದೀರಿ, ಇಲ್ಲಿ ಹಲವರು ಒಂದೊಂದು ಪದ ಸೂಚಿಸಿದ್ದಾರೆ.

ಸುಲ್ತಾನ್‌ಪೇಟೆಯ ಕಾರ್ಡ್ ಅಂಗಡಿಯವರು ನಾಳೆ ಹತ್ತು ಗಂಟೆಗೆ ಮ್ಯಾಟರ್ ಕೇಳಿದ್ದಾರೆ ಅಂತ ಬರೆದಿದ್ದೀರಿ. ಹಾಗಾಗಿ ಮೊದಲು ಉತ್ತರ. ‘ಬೇಷರತ್ ಪ್ರೀತಿ’ ಹಾಕಿಸಬೇಡಿ. ‘ಒಬ್ಬರಿಗೊಬ್ಬರು ಒಲಿದು ಮದುವೆಯಾಗುತ್ತಿದ್ದೇವೆ’ ಅಂತ ಹಾಕಿಸಿ. ಕಾರಣ ಕೆಳಗಿದೆ, ಪ್ರೂಫ್ ನೋಡಿ ಮುಗಿದ ಮೇಲೆ ಓದಿದರೂ ಆಯ್ತು.

‘ಬೇಷರತ್’ ಪೇಪರಿನಲ್ಲಿ ಎಲ್ಲೆಲ್ಲಿ ಬರುತ್ತದೆ ನೋಡಿ. ಬೇಷರತ್ ಕ್ಷಮೆ, ಬೇಷರತ್ ಶರಣಾಗತಿ. ಹೆಚ್ಚಾಗಿ ಯಾರೋ ಸೋತು ಇನ್ನೊಬ್ಬರ ಮುಂದೆ ತಲೆ ತಗ್ಗಿಸುವಾಗ ಬರುವ ಮಾತು ಅದು. ‘ಬೇ’ ಹಚ್ಚಿಕೊಂಡ ಉಳಿದ ಪದಗಳು ಬೇನಾಮಿ, ಬೇವಾರಸಿ, ಬೇಜವಾಬ್ದಾರಿ. ಇವುಗಳ ಸಾಲಿನಲ್ಲಿ ಪ್ರೀತಿಯನ್ನು ಯಾಕೆ ಕೂರಿಸಬೇಕು?

‘ನಿರ್ವ್ಯಾಜ ಪ್ರೇಮ’ ಅಂದವರಿಗೆ: ವ್ಯಾಜ ಅಂದರೆ ನೆಪ, ಕಪಟ. ಕಪಟವಿಲ್ಲದ್ದು ಬೇರೆ, ಷರತ್ತಿಲ್ಲದ್ದು ಬೇರೆ. ಓದುವವರಲ್ಲಿ ಅರ್ಧ ಜನ ಅದನ್ನು ಕೋರ್ಟಿನ ವ್ಯಾಜ್ಯ ಅಂತಲೇ ಓದುತ್ತಾರೆ. ‘ಕಟ್ಟಿಲ್ಲದೊಲುಮೆ’ ಅಂದವರಿಗೆ: ನಾವು ತಾಳಿ ಕಟ್ಟುವವರು, ‘ಕಟ್ಟಿಕೊಂಡವಳು’ ಅನ್ನುವವರು. ಮದುವೆ ಕಾರ್ಡಿನ ಮೇಲೆ ‘ಕಟ್ಟಿಲ್ಲದ’ ಅಂತ ಅಚ್ಚು ಹಾಕಿಸುವುದಾ? ಬೇಡ.

ಇನ್ನು ಪದಕ್ಕಿಂತ ದೊಡ್ಡ ವಿಷಯ. ಗಂಡ ಹೆಂಡತಿ ನಡುವೆ, ಪ್ರೀತಿಸುವ ಇಬ್ಬರ ನಡುವೆ, ಷರತ್ತಿಲ್ಲದ ಪ್ರೀತಿ ಇರುತ್ತದಾ? ಇರಬೇಕಾ? ನನಗೂ ಮೊದಲು ಇರಬೇಕು ಅಂತಲೇ ಅನ್ನಿಸಿತ್ತು. ಕೆಲವು ವರ್ಷದ ಹಿಂದೆ ದಂಪತಿಗಳಿಗೆ ಕೌನ್ಸೆಲಿಂಗ್ ಮಾಡುವ ಒಂದು ಕಡೆಗೆ ಕರಪತ್ರ ಅನುವಾದ ಮಾಡಿಕೊಟ್ಟೆ. ‘ಬೇಷರತ್ ಪ್ರೀತಿಯೇ ದಾಂಪತ್ಯದ ಬುನಾದಿ’ ಅಂತ ಬರೆದಿದ್ದೆ, ಚೆನ್ನಾಗಿ ಬಂದಿದೆ ಅಂತ ಖುಷಿಯೂ ಆಗಿತ್ತು. ಅಚ್ಚಿಗೆ ಹೋಗುವ ಮೊದಲು ಅಲ್ಲಿಗೆ ಬಂದಿದ್ದ ಒಬ್ಬರಿಗೆ ಓದಲು ಕೊಟ್ಟೆವು. ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸು. ಶಿಫ್ಟ್ ಮುಗಿಸಿ ನೇರ ಬಂದಿದ್ದರು, ತೊಡೆ ಮೇಲೆ ಖಾಲಿ ಟಿಫನ್ ಡಬ್ಬಿ. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿಕೊಂಡು ಬಂದವರು ಅಲ್ಲಿ ನಿಂತರು. ಬೆರಳು ಎತ್ತಲಿಲ್ಲ. “ಅಂದ್ರೆ ಹೊಡೆದ್ರೂ ಇರ್ಬೇಕಾ ಮೇಡಂ?” ಅಂತ ಕೇಳಿದರು.

ಆ ಸಾಲು ಅವತ್ತೇ ತೆಗೆದೆ. ಅದರ ಜಾಗಕ್ಕೆ ಏನು ಬರೆಯಬೇಕು ಅಂತ ಹುಡುಕುವಾಗಲೇ ‘ಒಲವು’ ಕೈಗೆ ಸಿಕ್ಕಿದ್ದು.

ಒಲವು, ಒಲುಮೆ, ಒಲಿ, ಇವೆಲ್ಲ ‘ಒಲ್’ ಧಾತುವಿನವು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ‘ಒಲ್ಲೆ’ಯೂ ಅದರದ್ದೇ. ‘ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು’ ಅಂತೀವಲ್ಲ, ಅದೇ. ಬೇಡ ಅನ್ನುವ ಮಾತೂ ಪ್ರೀತಿಯ ಮಾತೂ ಒಂದೇ ಬೇರಿನಿಂದ ಬಂದಿವೆ. ಒಲ್ಲೆ ಅನ್ನಲು ಬಿಡದ ಕಡೆ ಒಲವು ಅನ್ನುವ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ವಿಭಕ್ತಿಯನ್ನೂ ಗಮನಿಸಿ. ಅವಳನ್ನು ಪ್ರೀತಿಸಿದ, ಆದರೆ ಅವನಿಗೆ ಒಲಿದಳು. ದ್ವಿತೀಯೆ ಅಲ್ಲ, ಚತುರ್ಥಿ. ದೇವರು ಒಲಿಯುತ್ತಾನೆ, ಸಂಗೀತ ಒಲಿಯುತ್ತದೆ. ಯಾರನ್ನೂ ಹಿಡಿದು ಒಲಿಸಿಕೊಂಡು ಜೀವನಪೂರ್ತಿ ಇಟ್ಟುಕೊಳ್ಳಲು ಆಗುವುದಿಲ್ಲ, ಅದು ದಿನಾ ಆಗಬೇಕಾದದ್ದು.

ಷರತ್ತು ಬಂದರೆ ಪ್ರೀತಿ ವ್ಯಾಪಾರವಾಗುತ್ತದೆ ಅಂತ ಒಬ್ಬರು ಬರೆದಿದ್ದಾರೆ. ಒಪ್ಪಲ್ಲ. ವರದಕ್ಷಿಣೆ ವ್ಯಾಪಾರ. ಕೈ ಎತ್ತಬಾರದು, ನನ್ನ ಸಂಬಳ ನನ್ನದು, ತವರಿಗೆ ಹೋಗಬೇಡ ಅನ್ನಬಾರದು, ಇವು ವ್ಯಾಪಾರ ಅಲ್ಲ. ಅಕ್ಕಮಹಾದೇವಿಯ ಕತೆ ನೆನಪು ಮಾಡಿಕೊಳ್ಳಿ. ಕೌಶಿಕ ರಾಜನಿಗೆ ಅವಳು ಷರತ್ತು ಹಾಕಿದಳು. ಅವನು ಮುರಿದ, ಅವಳು ಎದ್ದು ನಡೆದಳು. ಷರತ್ತಿಲ್ಲದ್ದನ್ನು ಚೆನ್ನಮಲ್ಲಿಕಾರ್ಜುನನಿಗೆ ಇಟ್ಟಳು. ದೇವರಿಗೂ ಮಗುವಿಗೂ ಅದು ಸಲ್ಲುತ್ತದೆ. ಮಗುವಿನ ಮೇಲಿನದಕ್ಕೆ ಅಕ್ಕರೆ, ಮಮತೆ ಅಂತ ಬೇರೆ ಪದಗಳೇ ಇವೆ ನಮ್ಮಲ್ಲಿ. ಕಾನೂನು ಕೂಡ 1955ರ ಹಿಂದೂ ವಿವಾಹ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಮದುವೆಗೆ ಷರತ್ತುಗಳನ್ನೇ ಬರೆದಿದೆ.

ಕೊನೆಗೆ, ‘ಷರತ್ತು ಪರಭಾಷೆಯದು, ಕರಾರು ಅಂತ ಬಳಸಿ’ ಅಂದವರಿಗೆ. ಕರಾರು ಕೂಡ ಅರಬ್ಬಿಯಿಂದ ಬಂದದ್ದೇ ಸ್ವಾಮಿ. ಅರ್ಜಿ, ವಕೀಲ, ಜಾಮೀನು ಕೂಡ. ಇವನ್ನೆಲ್ಲ ತೆಗೆದರೆ ನಮ್ಮ ಹಳ್ಳಿಯ ರೈತ ತಾಲೂಕು ಕಚೇರಿಯಲ್ಲಿ ಬಾಯಿ ಬಿಡುವ ಹಾಗಿಲ್ಲ. ಎರವಲು ಬಂದ ಪದದ ಮೇಲೆ ನನಗೆ ಸಿಟ್ಟಿಲ್ಲ, ಷರತ್ತು ನೂರಕ್ಕೆ ನೂರು ಕನ್ನಡದ್ದು ಅಂತಲೇ ನಾನು ಎಣಿಸುವುದು. ನನ್ನ ಜಗಳ ಎರವಲು ತಂದ ವಿಚಾರದ ಜೊತೆ. ಇಂಗ್ಲಿಷಿನ ಜೋಡಿಪದ ಕಣ್ಣಿಗೆ ಬಿದ್ದ ಕೂಡಲೇ ಅದಕ್ಕೊಂದು ಕನ್ನಡ ಜೋಡಿಪದ ಹೊಲಿಯಲು ಕೂರುತ್ತೇವೆ. ಆ ಮಾತು ನಮ್ಮ ಮನೆಯಲ್ಲಿ ಯಾರ ತಲೆ ಮೇಲೆ ಬೀಳುತ್ತದೆ ಅಂತ ನೋಡುವುದಿಲ್ಲ.

ಕಾರ್ಡಿನ ವಿಷಯಕ್ಕೆ ಒಂದು ಮಾತು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವಾಟ್ಸಾಪ್ ಮಾಡಿದರೆ, ಅವರು ಅದನ್ನು ‘ನುಡಿ’ ಫಾಂಟಿಗೆ ಬದಲಿಸುವಾಗ ಒತ್ತಕ್ಷರ ಒಡೆಯಬಹುದು. ‘ಮದುವೆಯಾಗುತ್ತಿದ್ದೇವೆ’ಯ ತ್ತಿ, ದ್ದೇ ಎರಡನ್ನೂ ಪ್ರೂಫಿನಲ್ಲಿ ನೀವೇ ನೋಡಿ, ಅಂಗಡಿಯವರಿಗೆ ಬಿಡಬೇಡಿ. ಇಬ್ಬರಿಗೂ ಒಳ್ಳೆಯದಾಗಲಿ.